ಒಂದಕ್ಷರ ತಪ್ಪಿದ ಸಾಲ್ಮೊನೆಲ್ಲಾ

ಕೊರೊನಾ ಕಾಲದಿಂದ ‘ರೂಪಾಂತರಿ’ ಎಂಬ ಪದ ಕೇಳಿದರೆ ಸಾಕು, ಜನ ಬೆಚ್ಚುತ್ತಾರೆ. ರೂಪಾಂತರಗೊಂಡ ರೋಗಾಣು ಇನ್ನಷ್ಟು ಕ್ರೂರಿಯೇ ಆಗಿರಬೇಕೆಂದು ಟಿವಿಯವರು ಕಲಿಸಿಬಿಟ್ಟಿದ್ದಾರೆ. ಅವರಿಗೆ ಎಲ್‌ಟಿ2 ತಳಿಯ ಸಾಲ್ಮೊನೆಲ್ಲಾ ಎಂಬ, ಕರುಳಿಗೆ ರೋಗ ತರುವ ಜಾತಿಯ ಬ್ಯಾಕ್ಟೀರಿಯವನ್ನು ತೋರಿಸಬೇಕು.

ಇದು ಸಾಮಾನ್ಯ ಬ್ಯಾಕ್ಟೀರಿಯವಲ್ಲ. ವೈರಸ್ಸುಗಳು ಒಂದು ಬ್ಯಾಕ್ಟೀರಿಯದ ಡಿಎನ್‌ಎ ತುಣುಕನ್ನು ಹೊತ್ತು ಇನ್ನೊಂದಕ್ಕೆ ಮುಟ್ಟಿಸುತ್ತವೆಂದು ವಿಜ್ಞಾನಿಗಳಾದ ಜಿಂಡರ್ ಮತ್ತು ಲೆಡರ್‌ಬರ್ಗ್ 1952ರಲ್ಲಿ ತೋರಿಸಿದ್ದು ಸಾಲ್ಮೊನೆಲ್ಲಾದಲ್ಲೇ. ಆಮೇಲೆ ದಶಕಗಟ್ಟಲೆ ಎಲ್‌ಟಿ2 ಪ್ರಯೋಗಾಲಯಗಳ ಸಾಕುಮಗುವಾಯಿತು. ಆದರೆ ಇಲಿಗಳಲ್ಲಿ ಅದಕ್ಕೆ ರೋಗ ತರುವ ಕಸುವೇ ಇರಲಿಲ್ಲ! ಕಾರಣಗಳಲ್ಲೊಂದು 1997ರಲ್ಲಿ ಬಯಲಾಯಿತು: ಡಿಎನ್‌ಎಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ ಎನ್ನಿ; ಆರ್‌ಪಿಒ-ಎಸ್ ಎಂಬ ಜೀನಿನ ಮೊದಲಲ್ಲಿ ಎಟಿಜಿ ಇರಬೇಕಾದ ಕಡೆ ಟಿಟಿಜಿ ಇತ್ತು. ಸುಮಾರು 48 ಲಕ್ಷ ಅಕ್ಷರಗಳ ಪುಸ್ತಕದಲ್ಲಿ ಒಂದೇ ಒಂದು ಅಕ್ಷರ. ಸರಿಯಾದ ಜೀನು ಕೊಟ್ಟಾಗ ರೋಗಶಕ್ತಿ ಮತ್ತೆ ಏರಿತು.

ಈ ಜೀನು ತಯಾರಿಸುವ ಪ್ರೋಟೀನಿನ ಹೆಸರು ಸಿಗ್ಮಾ-ಎಸ್. ಮಳೆಗಾಲ ಹತ್ತಿರವಾಯಿತು, ಹಪ್ಪಳ ಸಂಡಿಗೆ ಒಣಗಿಸಿ, ಸೌದೆ ಒಳಗಿಡಿ ಎಂದು ಗದರುವ ಮನೆಯ ಅಜ್ಜಿಯಂತೆ ಅದು. ಹಸಿವು, ಆಮ್ಲ, ಉಪ್ಪು ಕಾಡಿದಾಗ ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ರೋಗ ಹರಡಲು ಬೇಕಾದ ಕೆಲವೂ ಸೇರಿವೆ. ಟಿಟಿಜಿ ಇದ್ದರೆ ಅಜ್ಜಿಯ ದನಿ ಕುಗ್ಗುತ್ತದೆ, ಅಷ್ಟೆ, ಪೂರ್ತಿ ನಿಲ್ಲುವುದಿಲ್ಲ.

ಹಾಗಾದರೆ ಇಂಥ ದೋಷ ಯಾಕೆ ಉಳಿಯುತ್ತದೆ? ನನಗೆ ತುಂಬ ಇಷ್ಟವಾದ ಭಾಗ ಇದೇ. ಡಿಎನ್‌ಎ ಓದುವ ಕಿಣ್ವವನ್ನು ಮದುವೆಮನೆಯ ಅಡುಗೆಭಟ್ಟ ಎನ್ನಿ. ಭಟ್ಟರ ಸಂಖ್ಯೆ ಮಿತ, ಅಜ್ಜಿಯಂತೆ ಅಪ್ಪಣೆ ಕೊಡುವ ಸಿಗ್ಮಾ ಪ್ರೋಟೀನುಗಳು ಹಲವು. ಅಜ್ಜಿ ಕರೆದುಕೊಂಡು ಹೋದ ಭಟ್ಟ ಸಂಡಿಗೆ ಇಡುತ್ತಾನೆ. ಇವತ್ತಿನ ಊಟ ತಡವಾಗುತ್ತದೆ. ಅಜ್ಜಿ ಸುಮ್ಮನಿದ್ದರೆ ಅನ್ನ ಸಾರು ಬೇಗ ಬೇಯುತ್ತದೆ, ಬ್ಯಾಕ್ಟೀರಿಯ ಬೇಗ ತಿಂದು ಬೆಳೆಯುತ್ತದೆ. 1993ರಲ್ಲಿ ಜಾಂಬ್ರಾನೊ, ಕೋಲ್ಟರ್ ಮತ್ತಿತರರು ಹತ್ತು ದಿನ ಉಪವಾಸವಿದ್ದ ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯವನ್ನು ಎಳೆಯ ಇ. ಕೋಲಿಯ ಜೊತೆ ಬೆರೆಸಿದರು. ಮುದುಕರೇ ಗೆದ್ದರು. ಅವರ ಆರ್‌ಪಿಒ-ಎಸ್ ಜೀನು ಕೆಟ್ಟಿತ್ತು! ರೋಗಾಣುವೇನೂ ಯೋಚಿಸಿ ಕೆಡಿಸಿಕೊಂಡದ್ದಲ್ಲ. ಆಕಸ್ಮಿಕವಾಗಿ ಕೆಟ್ಟವು ಆ ಪಾತ್ರೆಯಲ್ಲಿ ಹೆಚ್ಚು ಮರಿ ಹಾಕಿದವು.

ಟೈಫಾಯ್ಡ್ ತರುವುದೂ ಸಾಲ್ಮೊನೆಲ್ಲಾದ ಒಂದು ಬಗೆಯೇ. ಅದನ್ನೇ ದುರ್ಬಲಗೊಳಿಸಿ ಮಾಡಿದ, ಬಾಯಿಯಲ್ಲಿ ನುಂಗುವ ಜೀವಂತ ಲಸಿಕೆಯೊಂದಿದೆ, ಟಿವೈ21ಎ. ಅದರ ಡಿಎನ್‌ಎಯಲ್ಲಿನ ಹಲವು ದೋಷಗಳ ನಡುವೆ ಆರ್‌ಪಿಒ-ಎಸ್ ದೋಷವೂ ಇದೆ. ಹೊಟ್ಟೆಯ ಆಮ್ಲ ತಡೆಯಲಾರದ ಈ ಬಡಪಾಯಿಯನ್ನು ಆಮ್ಲದಲ್ಲಿ ಕರಗದ ಕವಚದೊಳಗೆ ಕೂರಿಸಿ ಕರುಳಿಗೆ ಕಳಿಸುತ್ತಾರೆ.