ಚಂದಾ ಮುಗಿದ ಮೇಲೆ ಗ್ರಂಥಾಲಯದಲ್ಲಿ ಉಳಿಯುವುದೇನು?

ಕಾಲೇಜು, ವಿಶ್ವವಿದ್ಯಾಲಯಗಳು ಓದಿನ ಸಾಮಗ್ರಿಯನ್ನು ಒಟ್ಟಾಗಿ ಕೊಳ್ಳುವ, ಹಂಚಿಕೊಳ್ಳುವ ಏರ್ಪಾಡು ಅಂತರ್ಜಾಲಕ್ಕಿಂತ ಹಳೆಯದು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಪಾಲಕರು 1981ರಲ್ಲಿಯೇ ದೇಶದ ಇತರ ಖಗೋಳ ವಿಜ್ಞಾನ ಗ್ರಂಥಾಲಯಗಳೊಡನೆ ‘ಫೋರ್ಸಾ’ ಎಂಬ ವೇದಿಕೆ ಕಟ್ಟಿಕೊಂಡು, ಸಂಶೋಧನಾ ಪತ್ರಿಕೆಗಳ ತಮ್ಮಲ್ಲಿಲ್ಲದ ಸಂಚಿಕೆಯನ್ನು ಪರಸ್ಪರ ಪಡೆಯುವ ರೂಢಿ ಹಾಕಿದ್ದರು. ಅದಕ್ಕೆ ಕಾರಣ ಹಣದ ಅಭಾವ. ವಿದೇಶಿ ಪತ್ರಿಕೆಗಳ ಚಂದಾವನ್ನು ಡಾಲರ್, ಪೌಂಡುಗಳಲ್ಲಿ ಕಟ್ಟಬೇಕಿತ್ತು. 1991ರಲ್ಲಿ ರೂಪಾಯಿ ಅಪಮೌಲ್ಯಗೊಂಡಾಗ ಅದೇ ಅನುದಾನಕ್ಕೆ ಇನ್ನೂ ಕಡಿಮೆ ಪತ್ರಿಕೆಗಳು ಸಿಗತೊಡಗಿದವು.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ‘ಇನ್‌ಫ್ಲಿಬ್‌ನೆಟ್’ ಕಾರ್ಯಕ್ರಮವನ್ನು ಆರಂಭಿಸಿದ್ದು ಅದೇ ವರ್ಷ. ಗ್ರಂಥಾಲಯಗಳನ್ನು ಗಣಕಗಳ ಮೂಲಕ ಬೆಸೆಯಲು ಹೊರಟ ಅದು ಕ್ರಮೇಣ ದೇಶದ ವಿಶ್ವವಿದ್ಯಾಲಯಗಳ ಪರವಾಗಿ ಪ್ರಕಾಶಕರೊಂದಿಗೆ ಚೌಕಾಸಿ ಮಾಡುವ ಸಂಸ್ಥೆಯಾಯಿತು. 2010ರಲ್ಲಿ ಬಂದ ‘ಎನ್-ಲಿಸ್ಟ್’ ಯೋಜನೆ ಡಿಜಿಟಲ್ ಪತ್ರಿಕೆಗಳನ್ನು ಓದುವ ಈ ಸೌಲಭ್ಯವನ್ನು ಪದವಿ ಕಾಲೇಜುಗಳಿಗೂ ವಿಸ್ತರಿಸಿತು. ಕಾಲೇಜಿನ ಗ್ರಂಥಪಾಲಕರು ಪಟ್ಟಿ ಮಾಡಿ ನೋಂದಾಯಿಸಿದ ವಿದ್ಯಾರ್ಥಿ, ತನ್ನ ಪಾಸ್‌ವರ್ಡ್ ಬಳಸಿ ಮನೆಯಿಂದಲೇ ಓದಬಹುದು. ಅವರು ನೋಂದಾಯಿಸದಿದ್ದರೆ ಕಾಲೇಜು ಯೋಜನೆಯ ಶುಲ್ಕ ಕಟ್ಟಿಯೂ ಪ್ರಯೋಜನವಿಲ್ಲ. ಕಾಯಂ ಗ್ರಂಥಪಾಲಕರ ಹುದ್ದೆಯನ್ನು ಖಾಲಿ ಬಿಡುವ ಕಾಲೇಜುಗಳು ಇದನ್ನು ಗಮನಿಸಬೇಕು.

ಹೀಗೆ ಒಟ್ಟಾಗಿ ಚಂದಾ ಕೊಳ್ಳಲು ಬಿಡಿಬಿಡಿಯಾಗಿದ್ದ ಒಕ್ಕೂಟಗಳು 2015ರಲ್ಲಿ ‘ಇ-ಶೋಧಸಿಂಧು’ವಿನಡಿ ಒಂದಾದವು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು ಎಂಬುದು ಇದರ ಲೆಕ್ಕ. ಇದು ದೊಡ್ಡ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮೊದಲ ಹಂತ ಸರ್ಕಾರಿ ಆಡಳಿತದ ಸಂಸ್ಥೆಗಳಿಗೆ ಮೀಸಲು. ಖಾಸಗಿ ಕಾಲೇಜುಗಳೇ ತುಂಬಿರುವ ಬೆಂಗಳೂರಿನಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ: ಒಂದೇ ಬಡಾವಣೆಯ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳ ಪೈಕಿ ಒಬ್ಬರಿಗೆ ಸಿಗುವ ಲೇಖನ ಇನ್ನೊಬ್ಬರಿಗೆ ಸಿಗದು.

ಇಲ್ಲಿ ಇನ್ನೊಂದು ಸಂಗತಿಯಿದೆ. ಮುದ್ರಿತ ಸಂಚಿಕೆಗೆ ಒಮ್ಮೆ ಹಣ ಕೊಟ್ಟರೆ ಅದು ಕಪಾಟಿನಲ್ಲಿ ಉಳಿಯುತ್ತಿತ್ತು. ಡಿಜಿಟಲ್ ಚಂದಾ ನಿಂತ ಮೇಲೆ ಹಳೆಯ ಸಂಚಿಕೆಗಳಾದರೂ ಸಿಗುವುದು ಒಪ್ಪಂದದ ಷರತ್ತಿನ ಮೇಲೆ ನಿಂತಿದೆ. ಆದ್ದರಿಂದ ನಮ್ಮ ಸಂಸ್ಥೆಗಳು ತಾವೇ ಕಟ್ಟಿಕೊಂಡ ಭಂಡಾರಗಳನ್ನು ನಾನು ಚಂದಾಗಿಂತ ಮಿಗಿಲಾದುವೆಂದು ಭಾವಿಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿಯೇ ತನ್ನ ವಿಜ್ಞಾನಿಗಳ ಲೇಖನಗಳಿಗಾಗಿ ‘ಇ-ಪ್ರಿಂಟ್ಸ್’ ಭಂಡಾರವನ್ನು ತೆರೆಯಿತು. ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಯುಜಿಸಿಯ 2009ರ ನಿಯಮ ಕಡ್ಡಾಯಗೊಳಿಸಿದ ಮೇಲೆ ಬೆಳೆದ ‘ಶೋಧಗಂಗಾ’ ಭಂಡಾರ ಇಂದು ಯಾವ ಚಂದಾ, ಪಾಸ್‌ವರ್ಡ್ ಇಲ್ಲದೆ ಯಾರಿಗಾದರೂ ತೆರೆದಿದೆ.

ಅಲ್ಲಿನ ಕನ್ನಡ ಪ್ರಬಂಧಗಳ ಸ್ಥಿತಿ ಮಾತ್ರ ಬೇಸರ ತರಿಸುತ್ತದೆ. ಎಲ್ಲ ಗಣಕಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಒಂದು ಅಧ್ಯಾಯವನ್ನು ತೆರೆದು ‘ವಚನ’ ಎಂದು ಹುಡುಕಿದರೆ, ಪುಟದ ತುಂಬ ಆ ಪದವಿದ್ದರೂ ಗಣಕ ಏನನ್ನೂ ತೋರಿಸದು. ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬೀಳುತ್ತವೆ. ಸ್ಕ್ಯಾನ್ ಮಾಡಿ ಏರಿಸಿದ ಪುಟಗಳು ಬರಿಯ ಚಿತ್ರಗಳು. ಇಂಥ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಈಗಾಗಲೇ ಇವೆ. ಪರಿವರ್ತಿಸಿದ ಪಠ್ಯವನ್ನು ಕುಳಿತು ತಿದ್ದುವವರು ಬೇಕು. ಕನ್ನಡ ವಿಭಾಗಗಳು ವಿಷಯವಾರು ಹಂಚಿಕೊಂಡರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಂದಲೇ ಈ ಕೆಲಸ ಮಾಡಿಸಬಹುದು. ಹೊಸ ಪ್ರಬಂಧಗಳನ್ನಾದರೂ ಯುನಿಕೋಡ್‌ನಲ್ಲಿ ಮಾತ್ರ ಸ್ವೀಕರಿಸಲು ವಿಶ್ವವಿದ್ಯಾಲಯಗಳಿಗೆ ಒಂದು ಸುತ್ತೋಲೆ ಸಾಕು.