ಆಕಾಶದಲ್ಲಿ ಗೆರೆ ಎಳೆಯುವ ಡೀಸೆಲ್

ಯಲಹಂಕದ ಏರ್ ಶೋನಲ್ಲಿ ವಾಯುಪಡೆಯ ಸೂರ್ಯಕಿರಣ ತಂಡ ಕೇಸರಿ, ಬಿಳಿ, ಹಸಿರು ಗೆರೆ ಎಳೆದು ಹೋಗುವುದೇ ತಡ, ವಾಟ್ಸಾಪ್‌ನಲ್ಲಿ ಶುರು: 'ಮೇಲಿಂದ ಏನೋ ಕೆಮಿಕಲ್ ಸಿಂಪಡಿಸ್ತಿದ್ದಾರೆ, ಹುಷಾರು!' ಸಾಕ್ಷಿಗೆ ಇನ್ಯಾವುದೋ ಪ್ರಯಾಣಿಕರ ವಿಮಾನದ ಬಿಳಿ ಬಾಲದ ಫೋಟೋ ಬೇರೆ. ಇವೆರಡಕ್ಕೂ ಸಂಬಂಧವೇ ಇಲ್ಲ. ಆ ಬಾಲ ಎಂಜಿನ್ ಉಗುಳಿದ ನೀರಾವಿ. ಹತ್ತು ಕಿಲೋಮೀಟರ್ ಎತ್ತರದ ಮೈನಸ್ 40 ಡಿಗ್ರಿ ಚಳಿಗೆ ಸಿಕ್ಕಿ ಮಂಜುಗಡ್ಡೆಯ ಪುಡಿಯಾಗಿರುತ್ತದೆ, ಅಷ್ಟೇ. ಪ್ರದರ್ಶನದ ವಿಮಾನಗಳು ಹಾರುವುದು ತೀರಾ ಕೆಳಗೆ. ಬೆಂಗಳೂರಿನ ಫೆಬ್ರವರಿ ಬಿಸಿಲಿನಲ್ಲಿ ಅಲ್ಲಿ ಯಾವ ಮಂಜುಗಡ್ಡೆ? ಗೆರೆ ಕಾಣಬೇಕಾದರೆ ಬೇರೆ ಸರಕು ಬೇಕು. ಆ ಸರಕು ಡೀಸೆಲ್.

ಡೀಸೆಲ್ ಅಂದ ಕೂಡಲೇ ಹಳೇ ಲಾರಿಯ ಕರಿ ಹೊಗೆ ನೆನಪಾಗುತ್ತದೆ ಅಲ್ವಾ? ಅದು ಅರೆಬರೆ ಉರಿದ ಡೀಸೆಲ್‌ನ ಮಸಿ. ಇಲ್ಲಿ ಡೀಸೆಲ್ ಉರಿಯುವುದೇ ಇಲ್ಲ. ಜೆಟ್ ಎಂಜಿನ್‌ನ ಹಿಂಬದಿ ಬಾಯಿಯ ಹತ್ತಿರ ಸಣ್ಣ ಕೊಳವೆಯಿಂದ ಅದನ್ನು ಚಿಮ್ಮಿಸುತ್ತಾರೆ. ಅಲ್ಲಿ ಹೊರಬರುವ ಗಾಳಿ ನೂರಾರು ಡಿಗ್ರಿ ಬಿಸಿ. ಡೀಸೆಲ್ ತಕ್ಷಣ ಆವಿಯಾಗುತ್ತದೆ. ಹೊತ್ತಿಕೊಳ್ಳುವಷ್ಟು ಪುರುಸೊತ್ತು ಸಿಗುವ ಮೊದಲೇ ತಣ್ಣನೆ ಗಾಳಿಯಲ್ಲಿ ಬೆರೆತು, ಲೆಕ್ಕವಿಲ್ಲದಷ್ಟು ಪುಟ್ಟ ಹನಿಗಳಾಗುತ್ತದೆ. ನಮಗೆ ಹೊಗೆಯಂತೆ ಕಾಣುವುದು ಈ ಹನಿಗಳ ಮಂಜು.

ಮನೆಯಲ್ಲಿ ಕುಕ್ಕರ್ ಕೂಗುವಾಗ ಸ್ವಲ್ಪ ಬಗ್ಗಿ ನೋಡಿ. ತೂತಿನ ಬಾಯಲ್ಲಿ ಏನೂ ಕಾಣುವುದಿಲ್ಲ. ಒಂದೆರಡು ಅಂಗುಲ ಮೇಲೆ ಬಿಳಿ ಶುರುವಾಗುತ್ತದೆ. ಆವಿ ಕಣ್ಣಿಗೆ ಕಾಣುವುದಿಲ್ಲ, ತಣ್ಣಗಾಗಿ ಹನಿಯಾದ ಮೇಲಷ್ಟೇ ಕಾಣುತ್ತದೆ. ಮುಂದಿನ ಸಲ ಪ್ರದರ್ಶನದ ವಿಮಾನದ ಫೋಟೋವನ್ನು ದೊಡ್ಡದು ಮಾಡಿ ನೋಡಿ. ವಿಮಾನದ ಹಿಂತುದಿಗೂ ಬಿಳಿ ಗೆರೆಗೂ ನಡುವೆ ಸಣ್ಣ ಖಾಲಿ ಜಾಗ ಕಂಡರೆ, ಡೀಸೆಲ್ ಇನ್ನೂ ಆವಿಯಾಗಿರುವುದು ಅಲ್ಲೇ.

ಬಿಳಿ ಯಾಕೆ? ಹನಿ ಎಷ್ಟು ಸಣ್ಣದೆಂದರೆ ಅದರ ಗಾತ್ರ ಬೆಳಕಿನ ಅಲೆಯ ಉದ್ದಕ್ಕೆ ಹತ್ತಿರ ಹತ್ತಿರ. ಇಂಥ ಹನಿಗಳ ರಾಶಿ ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತದೆ. ಮೋಡ ಬೆಳ್ಳಗಿರುವುದಕ್ಕೂ ಇದೇ ಕಾರಣ. ಅಂದರೆ ತಿರಂಗಾದ ಬಿಳಿ ಪಟ್ಟಿಗೆ ಬಣ್ಣವನ್ನೇ ಹಾಕಿರುವುದಿಲ್ಲ, ಅದು ಬರೀ ಡೀಸೆಲ್! ಕೇಸರಿಗೆ, ಹಸಿರಿಗೆ ಮಾತ್ರ ಡೈ ಬೆರೆಸಬೇಕು. ಅದೂ ಜಾಸ್ತಿಯೇ ಬೇಕು, ಇಲ್ಲದಿದ್ದರೆ ಹನಿಗಳ ಬಿಳುಪು ಬಣ್ಣವನ್ನು ನುಂಗಿಬಿಡುತ್ತದೆ. ಬ್ರಿಟನ್ನಿನ ರೆಡ್ ಆರೋಸ್ ತಂಡದ ವಿಮಾನ ಹೊತ್ತೊಯ್ಯುವ ಸರಕಿನಲ್ಲಿ ಬಿಳಿ ಗೆರೆ 5 ನಿಮಿಷ ಬರುತ್ತದೆ. ಕೆಂಪು, ನೀಲಿ ತಲಾ 1 ನಿಮಿಷ.

ಈ ಉಪಾಯ ನೂರು ವರ್ಷ ಹಳೆಯದು. ಮೊದಲ ಮಹಾಯುದ್ಧ ಮುಗಿದ ಮೇಲೆ ಜ್ಯಾಕ್ ಸ್ಯಾವೇಜ್ ಎಂಬ ಮಾಜಿ ಪೈಲಟ್ ಯುದ್ಧದ ಎಸ್‌ಇ5ಎ ವಿಮಾನಗಳನ್ನು ಕೊಂಡ. ಅವುಗಳ ಎಕ್ಸಾಸ್ಟ್ ಪೈಪನ್ನು ಬಾಲದವರೆಗೆ ಎಳೆಸಿ, ಬಿಸಿ ಪೈಪಿಗೆ ಎಣ್ಣೆ ಬಿಟ್ಟ. 1922ರಲ್ಲಿ ಎಪ್ಸಮ್ ಡರ್ಬಿ ಕುದುರೆ ರೇಸಿನ ದಿನ ಸಿರಿಲ್ ಟರ್ನರ್ ಅಂಥ ವಿಮಾನ ಹಾರಿಸಿ ಆಕಾಶದಲ್ಲೇ 'ಡೈಲಿ ಮೇಲ್' ಎಂದು ಪತ್ರಿಕೆಯ ಹೆಸರು ಬರೆದ. ದೇಶದ ಗೌರವಕ್ಕೆ ಬಳಸುವ ಈ ವಿದ್ಯೆ ಮೊದಲು ಹೊಟ್ಟೆ ಹೊರೆದಿದ್ದು ಜಾಹೀರಾತಿನಿಂದ! ನಮ್ಮ ಸೂರ್ಯಕಿರಣ ಹುಟ್ಟಿದ್ದು 1996ರಲ್ಲಿ, ಬೀದರ್‌ನಲ್ಲಿ. ಆಗ ಕಿರಣ್ ವಿಮಾನ, ಈಗ ಹಾಕ್. ಎರಡನ್ನೂ ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್.

ಹಾಗಂತ ಡೀಸೆಲ್ ಮಂಜು ಆರೋಗ್ಯಕ್ಕೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಗುಟ್ಟಿನ ವಿಷವೂ ಅಲ್ಲ, ಬರೀ ಶೋಕಿಯೂ ಅಲ್ಲ. ಎದುರುಬದುರಾಗಿ ನುಗ್ಗಿ ಬರುವ ಪೈಲಟ್‌ಗಳಿಗೆ ದೂರದಿಂದ ಮೊದಲು ಕಾಣುವುದು ವಿಮಾನವಲ್ಲ, ಅದರ ಹಿಂದಿನ ಗೆರೆ. ಗಾಳಿ ಯಾವ ಕಡೆಗೆ, ಎಷ್ಟು ಜೋರಾಗಿ ಬೀಸುತ್ತಿದೆ ಎಂಬುದೂ ಅದರಿಂದಲೇ ಗೊತ್ತಾಗುತ್ತದೆ. ಸುತ್ತು ಹಾಕಿ ವಾಪಸ್ ಬರುವಷ್ಟರಲ್ಲಿ ಹಿಂದಿನ ಗೆರೆ ಎಷ್ಟು ಸರಿದಿದೆಯೋ ನೋಡಿಕೊಂಡು, ಮುಂದಿನ ಆಟವನ್ನು ಅಷ್ಟೇ ಪಕ್ಕಕ್ಕೆ ಜರುಗಿಸಿ ಶುರು ಮಾಡುತ್ತಾರೆ.