ತವರಿನ ಯಾದಿ ಗಡಿ ದಾಟುವುದಿಲ್ಲ

ಹೋದ ವಾರ ಚಿಂಚೋಳಿ ಕಡೆಯ ಒಂದು ತಾಂಡಾದಿಂದ ಅತ್ತೆ ಸೊಸೆ ನನ್ನ ವಕೀಲಿ ಕಚೇರಿಗೆ ಬಂದಿದ್ದರು. ಸೊಸೆ ಬಿ.ಎ. ಮುಗಿಸಿದ್ದಾಳೆ. ತವರು ತಾಂಡೂರಿನ ಹತ್ತಿರ. ಕೈಚೀಲದಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಕಾಗದ ತೆಗೆದು, ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ತೆಲಂಗಾಣ ಸರ್ಕಾರದ ಮೀಸೇವಾ ಕೇಂದ್ರದಿಂದ ಪಡೆದ ಜಾತಿ ಪ್ರಮಾಣಪತ್ರ. ಲಂಬಾಡಿ, ಪರಿಶಿಷ್ಟ ಪಂಗಡ ಎಂದು ಸ್ಪಷ್ಟವಾಗಿ ಇತ್ತು.

"ಸಾಹೇಬ್ರ, ತವರಾಗ ನಾವು ಎಸ್‌ಟಿ ಇದ್ದೀವ್ರಿ. ಇಲ್ಲಿ ಕೊಡಲ್ಲ ಅಂತಾರ. ಸುಮ್ನೆ ತಿರುಗಸ್ಲಿಕತ್ತಾರೇನ್ರಿ?"

ಇಲ್ಲಮ್ಮ, ಈ ಸಲ ಅವರು ಹೇಳಿದ್ದು ಸರಿ ಅಂದೆ. ಆಕೆಯ ಮುಖ ಇಳಿದುಹೋಯಿತು. ಇದೇ ಮಾತನ್ನು ಎಷ್ಟು ವರ್ಷದಿಂದ ಎಷ್ಟು ಹೆಣ್ಣುಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮದುವೆಗೆ ಮೊದಲೇ ಯಾರಾದರೂ ಇವರಿಗೆ ತಿಳಿಸಬಾರದೇ ಎಂದು ಪ್ರತಿ ಸಲವೂ ಸಂಕಟವಾಗುತ್ತದೆ.

ವಿಷಯ ಇಷ್ಟೇ. ಪರಿಶಿಷ್ಟ ಜಾತಿ, ಪಂಗಡದ ಯಾದಿ ಇಡೀ ದೇಶಕ್ಕೆ ಒಂದಲ್ಲ. ಪ್ರತಿ ರಾಜ್ಯಕ್ಕೂ ಬೇರೆ. ಸಂವಿಧಾನದ 341 ಮತ್ತು 342ನೇ ವಿಧಿಯಲ್ಲಿ ಆ ರಾಜ್ಯಕ್ಕೆ ಸಂಬಂಧಪಟ್ಟಂತೆ ಎಂದೇ ಬರೆದಿದೆ. ನಮ್ಮ ಬಂಜಾರ, ಅಂದರೆ ಲಂಬಾಣಿ ಅಥವಾ ಲಂಬಾಡಿ ಜನರಿಗೆ ಇದರ ಪೆಟ್ಟು ಜಾಸ್ತಿ. ಅದೇ ಜನ, ಅದೇ ಗೋರ್ ಮಾತು, ಅದೇ ಸೇವಾಲಾಲ್ ಮಹಾರಾಜರ ಪೂಜೆ. ಆದರೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ ಎಂಬ ಬೇರೆಯದೇ ವರ್ಗ. ತೆಲಂಗಾಣ ಭಾಗದ ಲಂಬಾಡಿಗಳು ಪಂಗಡದ ಯಾದಿಗೆ ಸೇರಿದ್ದು 1976ರ ತಿದ್ದುಪಡಿಯಿಂದ.

"ನಮ್ಮದು ಒಂದೇ ಬಳಗ ಅಲ್ವಾ?" ಎಂದು ಕೇಳುತ್ತಾರೆ. ಬಳಗವಷ್ಟೇ ಏನು, ಜಿಲ್ಲೆಯೂ ಒಂದೇ ಇತ್ತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್ 1ಕ್ಕೆ ಅವು ಆಂಧ್ರದ ಪಾಲಾದವು. ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ ಆ ಕಡೆ ಮುಂಬೈ ರಾಜ್ಯಕ್ಕೆ ಹೋದವು. ಗೆರೆ ಎಳೆದರೂ ಬೀಗತನ ನಿಲ್ಲಲಿಲ್ಲ. ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆ ಇವತ್ತಿಗೂ ಹೆಣ್ಣು ಕೊಡುವುದು ತರುವುದು ಗಡಿಯಾಚೆಗೇ. ಹಾಗಾಗಿ ಈ ಗೊಂದಲ ನಮ್ಮಲ್ಲಿ ಮನೆಮನೆಗೂ ಇದೆ.

ಜನ ಮತ್ತೆ ಮತ್ತೆ ಎಡವುವುದು ಒಂದೇ ಕಡೆ. ಮದುವೆಯಾದ ಮೇಲೆ ಗಂಡನ ಜಾತಿಯೇ ತನ್ನದು ಅಂದುಕೊಳ್ಳುತ್ತಾರೆ. ಹಾಗಲ್ಲ. ಮೀಸಲಾತಿಗೆ ನೋಡುವುದು ಹುಟ್ಟನ್ನು, ಅಂದರೆ ಸಾಮಾನ್ಯವಾಗಿ ತಂದೆಯ ಕಡೆಯನ್ನು. ಗಂಡನ ಮನೆಯನ್ನಲ್ಲ. ಎರಡೂ ಕಡೆ ಒಂದೇ ಜಾತಿ ಯಾದಿಯಲ್ಲಿದ್ದರೂ ಉಪಯೋಗವಿಲ್ಲ. ಪಂಜಾಬಿನ ವಾಲ್ಮೀಕಿ ಜಾತಿಯ ಹೆಣ್ಣುಮಗಳೊಬ್ಬಳು ಉತ್ತರಾಖಂಡಕ್ಕೆ ಸೊಸೆಯಾಗಿ ಹೋಗಿದ್ದಳು. ಆ ಜಾತಿ ಎರಡೂ ರಾಜ್ಯದ ಯಾದಿಯಲ್ಲಿತ್ತು. ಆದರೂ ಉತ್ತರಾಖಂಡದ ಮೀಸಲಾತಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ರಾಜ್ಯ ಬಿಟ್ಟು ಹೋದವರು ಹೊಸ ರಾಜ್ಯದಲ್ಲಿ ಆ ಸೌಲಭ್ಯ ಕೇಳುವಂತಿಲ್ಲ ಎಂದು 1990ರಲ್ಲೇ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತ್ತು. ತಹಸೀಲ್ದಾರರಿಗೆ ಇದನ್ನು ಸಡಿಲಿಸುವ ಅಧಿಕಾರವಿಲ್ಲ. ರಾಜ್ಯ ಸರ್ಕಾರಕ್ಕೂ ಇಲ್ಲ. ಯಾದಿಯಲ್ಲಿ ಒಂದು ಅಕ್ಷರ ಬದಲಾಗಬೇಕಾದರೂ ಸಂಸತ್ತೇ ಕಾನೂನು ಮಾಡಬೇಕು.

ಇದು ನ್ಯಾಯವೇ ಎಂದು ಕೇಳಿದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ತಾಂಡಾದಲ್ಲೇ ಬೆಳೆದ ಹುಡುಗಿ ಐವತ್ತು ಕಿಲೋಮೀಟರ್ ಈಚೆಗೆ ಬಂದ ಕೂಡಲೇ ಸಾಮಾನ್ಯ ವರ್ಗಕ್ಕೆ ಸೇರುತ್ತಾಳೆ ಅಂದರೆ ಹೊಟ್ಟೆ ಉರಿಯುತ್ತದೆ. ಆದರೆ ವಕೀಲನಾಗಿ ನಾನು ಇವತ್ತಿನ ಕಾನೂನನ್ನೇ ಹೇಳಬೇಕು.

ಇಲ್ಲಿ ಏಜೆಂಟರು ನಡುವೆ ಬರುತ್ತಾರೆ. ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು, ವಿಳಾಸಕ್ಕೆ ಗಂಡನ ತಾಂಡಾ ಹಾಕಿ ಅರ್ಜಿ ಕೊಡಿಸುತ್ತಾರೆ. ಕೆಲವೊಮ್ಮೆ ನಾಡಕಚೇರಿಯಿಂದ ಎಸ್‌ಸಿ ಪ್ರಮಾಣಪತ್ರ ಬಂದೂಬಿಡುತ್ತದೆ. ಮನೆಯವರು ಪೇಢೆ ಹಂಚುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ನೌಕರಿ ಸಿಕ್ಕಾಗ ಆ ಕಾಗದ ಜಿಲ್ಲಾ ಪರಿಶೀಲನಾ ಸಮಿತಿಗೆ ಹೋಗುತ್ತದೆ. ಅಲ್ಲಿ ಕೇಳುವುದು ತಂದೆಯ ಊರು, ಶಾಲೆಯ ದಾಖಲೆ. ಎಷ್ಟೇ ವರ್ಷ ಕೆಲಸ ಮಾಡಿದ್ದರೂ ಜಾತಿಯ ಹಕ್ಕು ಸುಳ್ಳೆಂದು ಸಾಬೀತಾದರೆ ನೌಕರಿ ಉಳಿಯುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟೊತ್ತಿಗೆ ಏಜೆಂಟನ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಹಾಗಾದರೆ ಆ ಮೀಸೇವಾ ಕಾಗದ ಕೆಲಸಕ್ಕೇ ಬರುವುದಿಲ್ಲವೇ? ಬರುತ್ತದೆ, ಅದನ್ನೇ ಯಾರೂ ಹೇಳುವುದಿಲ್ಲ. ಆಕೆ ತೆಲಂಗಾಣದ ಪರಿಶಿಷ್ಟ ಪಂಗಡದವಳಾಗಿಯೇ ಇದ್ದಾಳೆ. ಕೇಂದ್ರ ಸರ್ಕಾರದ ನೌಕರಿ, ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಆಕೆ ಎಸ್‌ಟಿ. ನಮ್ಮ ಜಿಲ್ಲೆಯಲ್ಲೇ ನೋಡಿ. ಗುಲ್ಬರ್ಗಾ ವಿಶ್ವವಿದ್ಯಾಲಯ ರಾಜ್ಯದ್ದು, ಅಲ್ಲಿ ಆ ಕಾಗದ ನಡೆಯುವುದಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವುದು ಕೇಂದ್ರೀಯ ವಿಶ್ವವಿದ್ಯಾಲಯ, ಅಲ್ಲಿ ನಡೆಯುತ್ತದೆ. ರೈಲ್ವೆ, ರಾಷ್ಟ್ರೀಕೃತ ಬ್ಯಾಂಕಿನ ಪರೀಕ್ಷೆಗೂ ಹಾಗೆಯೇ. ಆದರೆ ಪ್ರತಿ ಪ್ರಕಟಣೆಯಲ್ಲಿ ಕೇಳುವ ನಮೂನೆ ಬೇರೆ ಇರಬಹುದು, ಓದಿಯೇ ಅರ್ಜಿ ಹಾಕಿ.

ಇನ್ನು ಮಕ್ಕಳ ವಿಷಯ. ತಂದೆ ಇಲ್ಲಿಯವನಾದ್ದರಿಂದ ಮಕ್ಕಳು ಇಲ್ಲಿ ಎಸ್‌ಸಿ, ಅದರಲ್ಲಿ ತೊಡಕಿಲ್ಲ. ತಂದೆ ತಾಯಿ ಬೇರೆ ಬೇರೆ ಜಾತಿಯವರಾಗಿ, ಮಗು ತಾಯಿಯ ಕಡೆಯವರಲ್ಲೇ ಬೆಳೆದಿದ್ದರೆ ಲೆಕ್ಕ ಬೇರೆಯಾಗಬಹುದು. 2012ರ ಒಂದು ತೀರ್ಪು ಅದಕ್ಕೆ ದಾರಿ ಬಿಟ್ಟಿದೆ. ಅದನ್ನು ಕಾಗದ ನೋಡದೆ ಹೇಳಲಾಗದು.

ಸೊಸೆಗೆ ಇಷ್ಟೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಗಿತ್ತು. ಅಪ್ಪನ ಪ್ರಮಾಣಪತ್ರ, ಆಕೆ ಒಂದನೇ ಇಯತ್ತೆಗೆ ಸೇರಿದಾಗಿನ ದಾಖಲೆ ತವರಿನಲ್ಲೇ ಟ್ರಂಕಿನಲ್ಲಿವೆ ಅಂದಳು. ಅತ್ತೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಸೊಸೆಯ ಕಾಗದ ತೆಗೆದುಕೊಂಡು ತಮ್ಮ ಚೀಲದಲ್ಲಿಟ್ಟುಕೊಂಡರು.

"ನಾಳಿಗೇ ತಾಂಡೂರಿಗೆ ಹೋಗ್ತೀವ್ರಿ. ಬ್ಯಾಂಕಿನ ಪರೀಕ್ಷಾ ಯಾವಾಗದ ಅಂತ ಅಷ್ಟ ಬರದು ಕೊಡ್ರಿ," ಅಂದರು.